ಕೀಲೆಣ್ಣೆ ಕುಡಿದ ಜೀಪು

ಮೊನ್ನೆ ಶಲವಡಿಯಲ್ಲಿ ಗೆಳೆಯನ ಚಕ್ಕಡಿ ಹತ್ತಿ ಕೂತಾಗ ಅಚ್ಚಿನಿಂದ ಕೀಲೆಣ್ಣೆಯ ವಾಸನೆ ಬಂತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ್ದು. ಅದರ ಹಿಂದೆಯೇ ಬಾಜು ಮನೆಯ ಕಾಕಾನೂ ನೆನಪಿಗೆ ಬಂದು ಕೂತರು...

ಕುಬಿಹಾಳದಲ್ಲಿ ನಮ್ಮ ಗೋಡೆಗೆ ಅವರ ಗೋಡೆ. ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು ರಿಟೈರ್ ಆದ ಮೇಲೆ ಹರಾಜಿನಲ್ಲಿ ಅಲ್ಲಿಯದೇ ಒಂದು ಹಳೇ ಜೀಪು ಹಿಡಿದು ತಂದಿದ್ದರು. ಚಹಾ ಕುಡಿಯುವಾಗಲೂ ಪರೇಡಿಗೆ ನಿಂತ ಹಾಗೆ ಎದೆ ಸೆಟೆಸುತ್ತಿದ್ದರು. ಅದನ್ನು ನಾನು ಅವರೆದುರೇ ಮಾಡಿ ತೋರಿಸುತ್ತಿದ್ದೆ. ನನ್ನ ಎದೆಯೋ ಒಣಗಿದ ಹೀರೇಕಾಯಿ. ಕಾಕಿ ನಗುತ್ತಿದ್ದದ್ದು ಬಹುಶಃ ಅದಕ್ಕೇ.

ಆ ಮಳೆಗಾಲ ಕಾಕಿಯ ಗಂಟಲಲ್ಲಿ ಗಡ್ಡೆ ಎದ್ದಿತು. ವಾರವಾರ ಹುಬ್ಬಳ್ಳಿ ದವಾಖಾನೆಗೆ ಹೋಗಿ ಗಡ್ಡೆ ಸುಡುವ ಕರೆಂಟ್ ಕೊಡಿಸಬೇಕು, ಒಂದು ಸಲವೂ ತಪ್ಪಬಾರದು ಎಂದಿದ್ದರು ಡಾಕ್ಟರು. ಎರೆ ನೆಲ ಹಸಿಯಾದರೆ ನಮ್ಮೂರಿಗೆ ಬಸ್ಸಿಲ್ಲ. ಆ ಕೆಸರು ದಾಟುತ್ತಿದ್ದದ್ದು ಜೀಪೊಂದೇ. ಕಾಕಾ ಎರಡು ಸಲ ಹಾರ್ನ್ ಒತ್ತಿದರೆ ಕಾಕಿ ಚೀಲ ಹಿಡಿದು ಹೊರಬರುತ್ತಿದ್ದರು. ಆ ಹಾರ್ನನ್ನೂ ನಾನು ಬಾಯಿಂದ ಹೊಡೆದು ತೋರಿಸುತ್ತಿದ್ದೆ.

ಆಗಲೇ ಸ್ಟೇರಿಂಗ್ ಬಾಕ್ಸು ಸೋರತೊಡಗಿತು. ಹಾಕಿದ ಎಣ್ಣೆ ಊರು ದಾಟುವುದರೊಳಗೆ ನೆಲದ ಪಾಲು. ಈ ಗಾಡಿಯ ಸೀಲು ಈಗ ಎಲ್ಲೂ ಬರುವುದಿಲ್ಲ ಎಂದು ಹುಬ್ಬಳ್ಳಿಯ ಅಂಗಡಿಯವರು ಕೈ ಅಲ್ಲಾಡಿಸಿದರು. ಕಾಕಾ ಹಳೇ ಚಪ್ಪಲಿಯ ತೊಗಲನ್ನು ದುಂಡಗೆ ಕತ್ತರಿಸಿ ಕೂಡಿಸಿದರು, ಸೋರಿತು. ಕೊನೆಗೆ ಡಬ್ಬಿ ತುಂಬ ಕೀಲೆಣ್ಣೆ ತಂದು ಬಾಕ್ಸಿಗೆ ತುರುಕಿದರು.

“ಚಕ್ಕಡಿಗೆ ನಡೀತೈತಿ, ಇದಕ್ಯಾಕ ನಡಿಯಂಗಿಲ್ಲ?”

“ಕಾಕಾ, ಎತ್ತು ತಾವ ಹೊಳ್ಳತಾವ್ರಿ. ಇದನ್ನ ನೀವು ಹೊಳ್ಳಸಬೇಕು.”

“ಬಾಯಿ ಮುಚ್ಚಲೇ ಮಂಗ್ಯಾ.”

ಸೋರುವುದು ನಿಂತಿತು. ಬಾಕ್ಸಿನ ತಳ ಮುಟ್ಟಿ, ಒಣ ಬೆರಳನ್ನು ಓಣಿಗೆಲ್ಲ ತೋರಿಸಿದರು. ಒಂದೆರಡು ಸಲ ಹೋಗಿಯೂ ಬಂದರು. ಆಮೇಲೊಂದು ಮುಂಜಾನೆ, ದವಾಖಾನೆಗೆ ಹೊರಡುವ ಹೊತ್ತಿಗೆ ಸ್ಟೇರಿಂಗು ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಕೀಲೆಣ್ಣೆಯೆಲ್ಲ ಮೇಣದಂತೆ ಬಾಕ್ಸಿನ ಬದಿಗೆ ಅಂಟಿ ಕೂತಿತ್ತು. ನಡುವಿನ ಗೇರಿನ ಹಲ್ಲುಗಳು ಒಣಗಿ ಒಂದನ್ನೊಂದು ತಿಂದು ಹಾಕಿದ್ದವು. ಸ್ಟೇರಿಂಗನ್ನು ಕೊಳವೆ ಸಮೇತ ಕಿತ್ತು ಅಂಗಳದಲ್ಲಿ ಮಲಗಿಸಿದರು. ಹಾರ್ನಿನ ವಾಯರು ಗಾಳಿಗೆ ಜೋತಾಡುತ್ತಿತ್ತು.

“ಸಾಕು, ಇನ್ನ ನಾ ಎಲ್ಲೂ ಬರಂಗಿಲ್ಲ” ಎಂದು ಒಳಗೆ ಕಾಕಿ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು.

ಕಾಕಾ ಮಸಿಗೈಯಿಂದ ನನ್ನ ತೋಳು ಹಿಡಿದರು. ಎದೆ ಸೆಟೆದಿರಲಿಲ್ಲ. “ಎರಡು ಸಲ ಹಾರ್ನ್ ಹೊಡೀಲೇ, ಬಾಯಿಂದ. ಆಕಿ ಎದ್ದರ ಸಾಕು. ಮುಂದಿಂದು ನಾ ಹೆಂಗರ ಮಾಡತೇನಿ.”

ಹೊಡೆದೆ. ಅಷ್ಟು ಚೆನ್ನಾಗಿ ಎಂದೂ ಹೊಡೆದಿರಲಿಲ್ಲ...

ಕಾಕಿ ಚೀಲ ಹಿಡಿದು ಬಂದರು. ನೆಲದ ಮೇಲಿನ ಸ್ಟೇರಿಂಗ್ ನೋಡಿದರು, ಆಮೇಲೆ ನನ್ನ ಬಾಯಿ. “ಹಾರ್ನ್ ಅಗದಿ ಚಲೋ ಆಗೇತಿ ಬಿಡು” ಎಂದು ಜೀಪು ಹತ್ತಿ ತಮ್ಮ ಜಾಗದಲ್ಲಿ ಕೂತರು. ಕಾಕಾ ತಲೆ ಎತ್ತಲಿಲ್ಲ. ಅರ ಹಿಡಿದು ಆ ಸವೆದ ಹಲ್ಲುಗಳನ್ನು ಹೊತ್ತು ಇಳಿಯುವ ತನಕ ತಿಕ್ಕುತ್ತಲೇ ಇದ್ದರು. ಅಲ್ಲಿಯ ತನಕ ಕಾಕಿ ಇಳಿಯಲೂ ಇಲ್ಲ.

ಮಳೆ ಮುಗಿಯುವುದರೊಳಗೆ ಕಾಕಿ ಹೋದರು. ಹೋದ ವರ್ಷ ಕಾಕಾ. ನಾನು ಈಗಲೂ ಊರವರ ದನಿಯನ್ನೆಲ್ಲ ತೆಗೆಯುತ್ತೇನೆ, ಬೈಸಿಕೊಳ್ಳುತ್ತೇನೆ. ಮೊನ್ನೆ ಚಕ್ಕಡಿ ಮೇಲೆ ಗೆಳೆಯ, “ಆ ಜೀಪಿನ ಹಾರ್ನ್ ಹೊಡೀಲೇ” ಅಂದ.

“ಅದು ಬರಂಗಿಲ್ಲೋ” ಅಂದೆ.

ಬರುತ್ತದೆ. ಹೊಡೆದರೆ ಚೀಲ ಹಿಡಿದು ಹೊರಬರುವವರು ಯಾರು...