ಕಣ್ಣಿಗೆ ಕೈ ಒಯ್ಯದ ಮನೆ

ನಮ್ಮ ಮನೆಯಲ್ಲಿ ದಶಾಜ್ಞೆಗಳಿಗಿಂತ ಮೊದಲು ಕಲಿಸಿದ ಆಜ್ಞೆ ಒಂದಿತ್ತು: ಕಣ್ಣಿಗೆ ಕೈ ಒಯ್ಯಬಾರದು. ತುರಿಸಿದರೆ ತೋಳಿಗೆ ಒರೆಸು, ಭುಜಕ್ಕೆ ಒರೆಸು, ಬೇಕಾದರೆ ಗೋಡೆಗೆ ಒರೆಸು, ಕೈ ಮಾತ್ರ ಮೇಲೆ ಏಳಕೂಡದು. ಬ್ಯಾಡಗಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮವ್ವ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹಂಗಾಮು ಶುರುವಾಯಿತೆಂದರೆ ಖಾರ ಅವಳ ಬೆರಳುಗಳಲ್ಲೇ ಬಿಡಾರ ಹೂಡುತ್ತಿತ್ತು. ಸಾಬೂನು ಹಚ್ಚಿ ತೊಳೆಯಲಿ, ಮಜ್ಜಿಗೆಯಲ್ಲಿ ಅದ್ದಲಿ, ಕೊಬ್ಬರಿ ಎಣ್ಣೆ ಸವರಲಿ, ಜಪ್ಪಯ್ಯ ಅಂದರೂ ಮರುದಿನದವರೆಗೆ ಅದು ಹೋಗುತ್ತಿರಲಿಲ್ಲ.

ಹಾಗಾಗಿ ಆ ತಿಂಗಳುಗಳಲ್ಲಿ ನನ್ನ ಮುಖ ತೊಳೆಸುತ್ತಿದ್ದವನು ಅಪ್ಪ. ಅಪ್ಪ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದ. ಊರೆಲ್ಲ ಬಿಸಿಲಿಗೆ ಬೇಯುತ್ತಿದ್ದರೆ ಇವನೊಬ್ಬ ಸ್ವೆಟರ್ ತೊಟ್ಟು ಮನೆಗೆ ಬರುತ್ತಿದ್ದ. ಅವನ ತಣ್ಣನೆಯ ಕೈ ಕೆನ್ನೆಗೆ ತಾಕಿದರೆ ಬಲು ಹಿತ. ಅವ್ವ ಮುದ್ದು ಮಾಡುವಾಗ ಮಾತ್ರ ಕೈ ತಿರುಗಿಸಿ, ಬೆರಳ ಹಿಂಬದಿಯಿಂದ ಕೆನ್ನೆ ಸವರುತ್ತಿದ್ದಳು. ಎಲ್ಲರ ಅವ್ವಂದಿರೂ ಹೀಗೇ ಮಾಡುತ್ತಾರೆಂದು ನಾನು ತಿಳಿದಿದ್ದೆ.

ಪ್ರಾರ್ಥನೆಯ ಕಥೆಯೂ ಅದೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಮೂವರೂ ಚಾಪೆಯ ಮೇಲೆ ಕೂರುತ್ತಿದ್ದೆವು. ಅವ್ವ ಕೈ ಜೋಡಿಸುತ್ತಿರಲಿಲ್ಲ. ಉರಿಯುವ ಅಂಗೈಗೆ ಅಂಗೈ ತಾಗಿದರೆ ಇನ್ನಷ್ಟು ಉರಿ. ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಪಕ್ಕದ ಮನೆಯವರ ಕೂಡ ಮಾತಾಡುವ ಧಾಟಿಯಲ್ಲಿ ದೇವರ ಕೂಡ ಮಾತಾಡುತ್ತಿದ್ದಳು. ಅಳು ಬಂದರೆ ಅಳುತ್ತಿದ್ದಳು. ಒರೆಸಿಕೊಳ್ಳುವ ಹಾಗಿರಲಿಲ್ಲವಲ್ಲ, ಕಣ್ಣೀರು ತಾನಾಗಿ ಇಳಿದು ಗದ್ದಕ್ಕೆ ಬಂದು ಒಣಗುತ್ತಿತ್ತು. ನಾನೂ ಅದನ್ನೇ ಕಲಿತೆ. ಸಂಡೇ ಸ್ಕೂಲಿನಲ್ಲಿ ನಾನು ಅಂಗೈ ಚಾಚಿ ಕೂತಿದ್ದನ್ನು ನೋಡಿ ಹುಡುಗಿಯರು ಪ್ರಸಾದಕ್ಕೆ ಕೂತವಳು ಅಂತ ಆಡಿಕೊಂಡರು. ಮನೆಗೆ ಬಂದು ದೂರು ಹೇಳಿದರೆ, ಅವ್ವ ನಕ್ಕು, ಕೊಡುವವನ ಮುಂದೆ ಕೂತಾಗ ಕೈ ಬಿಚ್ಚದೆ ಮುಚ್ಚಿಕೊಂಡು ಕೂರಬೇಕೇನು ಎಂದಳು. ಅಸಲಿಗೆ ಅದು ಉರಿಯ ಉಪಾಯ ಅಂತ ನನಗೆ ತಿಳಿದದ್ದು ಬಹಳ ದೊಡ್ಡವಳಾದ ಮೇಲೆ.

ಇಂಥ ಅವ್ವ ನಮ್ಮ ಚರ್ಚಿನ ಸಭೆಯಲ್ಲಿ ಪ್ರಭುಭೋಜನ ತೆಗೆದುಕೊಳ್ಳುತ್ತಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಕೊಡುವ ಭಾನುವಾರ ಎಲ್ಲರೂ ಎದ್ದು ಮುಂದೆ ಹೋದರೆ ಇವಳು ತನ್ನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೇ ಇರುತ್ತಿದ್ದಳು. ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು ಅನ್ನುವುದು ನಮ್ಮಲ್ಲಿಯ ನಿಯಮ. ಅವ್ವನ ಸಿಟ್ಟಿಗೆ ಕಾರಣ ನನ್ನ ಸೋದರತ್ತೆ.

ಅತ್ತೆ ಅಪ್ಪನ ಅಕ್ಕ, ಬ್ಯಾಡಗಿಯಲ್ಲಿ ಹುಟ್ಟಿ ರಾಣೇಬೆನ್ನೂರಿಗೆ ಮದುವೆಯಾಗಿ ಹೋದವಳು. ಅಜ್ಜಿ, ಅಂದರೆ ಅತ್ತೆಯ ತಾಯಿ, ಹಾಸಿಗೆ ಹಿಡಿದಾಗ ಉಣಿಸಿ ತಿನಿಸಿ ನೋಡಿಕೊಂಡವಳು ಅವ್ವ. ಅಜ್ಜಿ ತೀರಿಕೊಂಡ ದಿನ ಅತ್ತೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವಳು ಹೆಣದ ಮುಂದೆ ಕೂತು, ನಾಲ್ಕು ಮಂದಿ ಕೇಳುವಂತೆ, ನಮ್ಮವ್ವಗ ಹೊತ್ತಿಗೆ ಸರಿಯಾಗಿ ಗುಟುಕು ನೀರು ಹಾಕಿದ್ದರ ಇನ್ನೂ ಇರ್ತಿದ್ಲು ಅಂದುಬಿಟ್ಟಳು. ಅಂದಿನಿಂದ ಅವ್ವ ಅತ್ತೆಯ ಕೂಡ ಮಾತೇ ಬಿಟ್ಟಳು.

ನಮ್ಮ ಸಭೆ ಇದ್ದದ್ದು ರಾಣೇಬೆನ್ನೂರಿನಲ್ಲಿ. ಪ್ರತಿ ಭಾನುವಾರ ನಾವು ಬಸ್ಸು ಹಿಡಿದು ಹೋಗುತ್ತಿದ್ದೆವು, ಪ್ರತಿ ಭಾನುವಾರ ಅತ್ತೆ ಅಲ್ಲಿರುತ್ತಿದ್ದಳು. ಹೆಂಗಸರ ಕಡೆಯ ಬೆಂಚುಗಳಲ್ಲಿ ಇವಳು ಹಿಂದೆ, ಅವಳು ಮುಂದೆ. ಅತ್ತೆ ಮಾತ್ರ ಪ್ರತಿ ಸಲ ಸೆರಗು ಸರಿಮಾಡಿಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಹೋಗಿ ರೊಟ್ಟಿ ತೆಗೆದುಕೊಂಡು ಬರುತ್ತಿದ್ದಳು. ಅಂದವಳು ರಾಜಾರೋಷವಾಗಿ ಹೋಗುವುದು, ಅನ್ನಿಸಿಕೊಂಡವಳು ಬೆಂಚು ಕಾಯುವುದು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಪಾಪ, ಅಕ್ಕನಿಗೂ ಹೇಳಲಾರ, ಹೆಂಡತಿಗೂ ಹೇಳಲಾರ. ಮನೆಯಲ್ಲಿ ಈ ಸುದ್ದಿ ಎದ್ದರೆ ಸಾಕು, ಸ್ವೆಟರ್ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟುಬಿಡುತ್ತಿದ್ದ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನನ್ನ ದೃಢೀಕರಣ ಬಂತು, ಅಂದರೆ ಬಿಷಪ್ಪರು ತಲೆಯ ಮೇಲೆ ಕೈ ಇಟ್ಟು ನಮ್ಮನ್ನು ಸಭೆಯ ಪೂರ್ಣ ಸದಸ್ಯರನ್ನಾಗಿ ಮಾಡುವ ದಿನ. ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಅದು ಮುಗಿದ ಮೇಲೆಯೇ ನಮ್ಮಲ್ಲಿ ಮಕ್ಕಳಿಗೆ ಮೊದಲ ರೊಟ್ಟಿ. ನಮ್ಮ ಸಭೆಯಲ್ಲಿ ಒಂದು ರೂಢಿ ಇತ್ತು: ಆ ಮೊದಲ ಸಲ ಮಗು ನಡುವೆ, ಅಪ್ಪ ಒಂದು ಬದಿ, ಅವ್ವ ಒಂದು ಬದಿ ಮೊಣಕಾಲೂರಬೇಕು. ಬಿಳಿ ಬಟ್ಟೆ ಹೊಲಿಸಿದರು, ಪಾಠ ಬಾಯಿಪಾಠವಾಯಿತು, ನನಗೆ ಮಾತ್ರ ಒಂದೇ ಚಿಂತೆ. ನನ್ನ ಒಂದು ಬದಿ ಖಾಲಿ ಇರುತ್ತದೆ, ಇಡೀ ಸಭೆ ಅದನ್ನು ನೋಡುತ್ತದೆ.

ಒಂದು ಸಂಜೆ ಅವ್ವ ಕೈ ಮಜ್ಜಿಗೆಯಲ್ಲಿಟ್ಟುಕೊಂಡು ಕೂತಾಗ ಕೇಳಿಯೇ ಬಿಟ್ಟೆ. ಆ ಒಂದು ದಿನ ಬಾ, ಸುಮ್ಮನೆ ನನ್ನ ಪಕ್ಕ ಮೊಣಕಾಲೂರು, ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತಾಗುತ್ತದೆ ಎಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಯಾರಿಗೂ ಗೊತ್ತಾಗಾಂಗಿಲ್ಲ, ಖರೇ ಐತಿ," ಎಂದಳು. "ನಿಮ್ಮತ್ತಿ ಮುಖಾ ನೋಡಿದ್ರ ನನಗ ಇನ್ನೂ ಹೊಟ್ಟಿ ಉರೀತೈತಿ. ಹೋಗಲಿ ಬಿಡು ಅಂತ ಬಾಯಾಗ ಅನ್ನಬಹುದು, ಒಳಗ ಬರವಲ್ದು. ಇಲ್ಲದ್ದನ್ನ ಐತಿ ಅಂತ ದೇವರ ಮುಂದ ಹೆಂಗ ತೋರಿಸ್ಲಿ?"

ಇದನ್ನು ಭಕ್ತಿ ಅನ್ನಬೇಕೋ ಹಟ ಅನ್ನಬೇಕೋ ಅಂದು ನನಗೆ ತಿಳಿಯಲಿಲ್ಲ. ಎರಡೂ ಅಷ್ಟಷ್ಟು ಇತ್ತು ಅಂತ ಈಗ ಅನ್ನಿಸುತ್ತದೆ. ನಾನು ಪಾತ್ರೆಗಳನ್ನೆಲ್ಲ ದಡಬಡ ಎತ್ತಿಟ್ಟು ಸಿಟ್ಟು ತೋರಿಸಿದೆ. ಅವ್ವ ಕೈ ಅದ್ದಿಕೊಂಡೇ ಕೂತಿದ್ದಳು. ಆ ರಾತ್ರಿ ಅವಳಿಗೂ ಊಟ ಸೇರಲಿಲ್ಲ.

ದೃಢೀಕರಣ ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದಂದು. ಪೇಟೆಯಲ್ಲಿ ಮೆಣಸಿನಕಾಯಿ ರಾಶಿ ರಾಶಿ ಬೀಳುತ್ತಿದ್ದ ದಿನಗಳವು, ಶನಿವಾರವೂ ಅವ್ವ ಕೆಲಸಕ್ಕೆ ಹೋಗಿ ಬಂದಿದ್ದಳು. ಬೆಳಿಗ್ಗೆ ಎದ್ದು ಮೂರು ಸಲ ಕೈ ತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ನನ್ನ ಜಡೆಯನ್ನು ಪಕ್ಕದ ಮನೆಯ ವೈನಿಯಿಂದ ಹಾಕಿಸಿದಳು. ಬಸ್ಸಿನಲ್ಲಿ ನನ್ನ ಬಿಳಿ ಬಟ್ಟೆಗೆ ತಾಕದಂತೆ ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಬಿಷಪ್ಪರು ಬಂದಿದ್ದರು. ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಹೋಗಿ ಮೊಣಕಾಲೂರಿ ತಲೆ ಬಗ್ಗಿಸಿದೆವು. ಅವರು ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದಾಗ ಖರೇ ಹೇಳಬೇಕೆಂದರೆ ನನ್ನ ಗಮನ ದೇವರ ಮೇಲಿರಲಿಲ್ಲ, ಆ ಖಾಲಿ ಬದಿಯ ಮೇಲಿತ್ತು. ಎದ್ದು ತಿರುಗಿ ನೋಡುತ್ತೇನೆ, ಅವ್ವನ ಎರಡೂ ಕಣ್ಣು ಕೆಂಡದಂತೆ ಕೆಂಪಾಗಿವೆ, ಮುಖ ಊದಿದೆ, ನೀರು ಧಾರಾಕಾರ ಸುರಿಯುತ್ತಿದೆ. ಅವಳು ಬೆಂಚಿನ ತುದಿ ಗಟ್ಟಿಯಾಗಿ ಹಿಡಿದು ಕೂತಿದ್ದಾಳೆ. ಸುತ್ತಲಿನ ಹೆಂಗಸರು ಅವಳನ್ನೇ ನೋಡುತ್ತಿದ್ದಾರೆ.

ನಾನು ಅವಳ ಹತ್ತಿರ ತಲುಪುವ ಮೊದಲೇ ಮುಂದಿನ ಬೆಂಚಿನಿಂದ ಅತ್ತೆ ಎದ್ದಳು. ಎಲ್ಲರೂ ಹಾಡಲು ನಿಂತ ಹೊತ್ತದು. ಅತ್ತೆ ನೇರ ಬಂದು ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ, ಅಂಗಳದ ನಲ್ಲಿಯ ಹತ್ತಿರ ನಡೆಸಿಕೊಂಡು ಹೋದಳು. ನಾನು ಬಿಳಿ ಬಟ್ಟೆಯಲ್ಲೇ ಹಿಂದೆ ಓಡಿದೆ. ಜಗಳ ಆದರೆ ಬಿಡಿಸುವುದು ಹೇಗೆ ಅಂತ ನನಗೆ ಹೆದರಿಕೆ.

ಜಗಳ ಆಗಲಿಲ್ಲ. ಅತ್ತೆ ತನ್ನ ಸೆರಗು ನೀರಿನಲ್ಲಿ ನೆನೆಸಿ ಅವ್ವನ ಕಣ್ಣು ಒತ್ತುತ್ತಿದ್ದಳು.

"ಸಾಕು, ಅಳಬ್ಯಾಡ," ಎಂದಳು. "ಎಷ್ಟು ಅಂತ ಅಳ್ತಿ? ಆಗಿದ್ದು ಆಗಿ ಹೋತು."

ಅಷ್ಟಕ್ಕೆ ಅವ್ವ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಒಂದು ಹೂಂ ಅಂದಿದ್ದರೆ ಸಾಕಿತ್ತು. ಆದರೆ ಅವಳು ನಮ್ಮವ್ವ. ಕಣ್ಣು ಬಿಡಲಾಗದೆ, ಮುಖ ಮೇಲೆತ್ತಿ, ವರ್ಷಗಳ ನಂತರದ ಮೊದಲ ಮಾತು ಆಡಿದಳು.

"ನಾ ಅಳಾಕತ್ತಿಲ್ಲರೀ ಅಕ್ಕಾರ. ಕಣ್ಣಿಗೆ ಖಾರ ಹತ್ತೇತಿ."

ದೇವರೇ, ಇವತ್ತೊಂದು ದಿನ ಇವಳ ಬಾಯಿ ಕಟ್ಟಬಾರದಿತ್ತೇ ಅಂತ ನಾನು ಹಲ್ಲು ಕಚ್ಚಿದೆ. ಅತ್ತೆಯ ಕೈ ಹಾಗೇ ನಿಂತಿತು. ಒಳಗೆ ಹಾಡು ಮುಂದಿನ ಚರಣಕ್ಕೆ ಹೋಯಿತು. ಈಗ ಸೆರಗು ಕಿತ್ತುಕೊಂಡು ಹೋಗಿಬಿಡುತ್ತಾಳೆ, ಇನ್ನು ಈ ಜನ್ಮದಲ್ಲಿ ಇವರು ಕೂಡುವುದಿಲ್ಲ ಅಂತ ನನಗೆ ಖಾತ್ರಿಯಾಯಿತು.

ಅತ್ತೆ ಹೋಗಲಿಲ್ಲ. ಮದುವೆಗೆ ಮೊದಲು ಅವಳೂ ಇದೇ ಕೆಲಸ ಮಾಡಿದವಳು. ತವರಿಗೆ ಬಂದಿದ್ದಾಗ, ಹೊಸದಾಗಿ ಸೊಸೆಯಾಗಿ ಬಂದ ಅವ್ವನನ್ನು ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿ, ಕಣ್ಣಿಗೆ ಕೈ ಒಯ್ಯಬಾರದು ಅಂತ ಮೊದಲ ಪಾಠ ಹೇಳಿದವಳೇ ಅವಳು. ಅವ್ವನ ಮುಖವನ್ನು ಒಂದು ಗಳಿಗೆ ನೋಡಿ ಮೆಲ್ಲಗೆ ಕೇಳಿದಳು.

"ಖಾರ ಹತ್ತೈತಿ, ಒಪ್ಪಿದೆ. ಕಣ್ಣಿಗೆ ಕೈ ಯಾಕ ಒಯ್ದಿ?"

ಅಷ್ಟು ವರ್ಷ ಮೆಣಸಿನಕಾಯಿ ಬಿಡಿಸಿದ ಕೈ ಅದು, ನಿದ್ದೆಯಲ್ಲೂ ಮರೆಯದ ಕೈ. ಅವ್ವ ಮುಖ ತಗ್ಗಿಸಿದಳು.

"ಹುಡುಗಿ ತಲಿ ಬಗ್ಗಿಸಿ ಕುಂತಾಗ ಥೇಟ್ ನಿಮ್ಮವ್ವನ ಕಂಡಂಗ ಕಂಡ್ಲರಿ," ಎಂದಳು. "ಒರಸ್ಕೊಳ್ಳಾಕ ಹೋಗಿ ಮರತೆ."

ಆಮೇಲೆ ಅತ್ತಿದ್ದು ಖಾರದ ಅಳು ಅಲ್ಲ. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಹಣೆ ಇಟ್ಟು ಅತ್ತರು. ಅತ್ತೆ ಬಿಕ್ಕುತ್ತಲೇ ಹೇಳಿದಳು: ನೀನು ನೀರು ಹಾಕಿದ್ದು ನನಗೆ ಗೊತ್ತಿತ್ತು, ಹೊತ್ತು ಮೀರಿ ಬಂದವಳು ನಾನು, ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಚೆಲ್ಲಿದೆ, ಅಂದಿನಿಂದ ಒಂದು ಸಲವೂ ಆ ರೊಟ್ಟಿ ನನ್ನ ಗಂಟಲಲ್ಲಿ ಸಲೀಸಾಗಿ ಇಳಿದಿಲ್ಲ. ಅಷ್ಟು ಹೇಳಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಅವ್ವನ ಬಾಯಿಗೆ ಒಡ್ಡಿದಳು. ಅವ್ವ ಕುಡಿದಳು.

ನಾವು ಒಳಗೆ ಬಂದಾಗ ಪಾಸ್ಟರ್ ನಮ್ಮನ್ನು ಕರೆಯುತ್ತಿದ್ದರು. ಅಪ್ಪ ಒಬ್ಬನೇ ಮುಂದೆ ನಿಂತು ಬಾಗಿಲ ಕಡೆಯೇ ನೋಡುತ್ತಿದ್ದ. ನಮ್ಮಿಬ್ಬರ ಹಿಂದೆ ತನ್ನಕ್ಕನನ್ನೂ ಕಂಡು ಅವನ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಾನು ನಡುವೆ ಮೊಣಕಾಲೂರಿದೆ. ಒಂದು ಬದಿ ಅಪ್ಪ, ಇನ್ನೊಂದು ಬದಿ ಅವ್ವ, ಅವ್ವನ ಪಕ್ಕ ಅತ್ತೆ. ರೊಟ್ಟಿ ತೆಗೆದುಕೊಳ್ಳಲು ಎಲ್ಲರೂ ಅಂಗೈ ಮೇಲೆ ಮಾಡಿ ಚಾಚಿದರು. ಅದೊಂದು ಭಂಗಿಯನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಮುಂದೆ ಒಂದು ಭಾನುವಾರ ಪಾಸ್ಟರ್ ಪ್ರಸಂಗದಲ್ಲಿ, ಗರಿಗಳ ಹಬ್ಬದಂದು ಒಬ್ಬ ಸಹೋದರಿಯ ಪಶ್ಚಾತ್ತಾಪದ ಕಣ್ಣೀರನ್ನು ನಾವೆಲ್ಲ ಕಣ್ಣಾರೆ ಕಂಡೆವು ಎಂದು ಕೊಂಡಾಡಿದರು. ಪ್ರಾರ್ಥನೆ ಮುಗಿದದ್ದೇ ಅವ್ವ ಬಾಗಿಲಲ್ಲಿ ಅವರನ್ನು ತಡೆದು, ಅಯ್ನೋರ, ಅದು ಖಾರರೀ, ಎಂದು ತಿದ್ದಿದಳು. ಅಪ್ಪ ಸ್ವೆಟರ್ ಇಲ್ಲದಿದ್ದರೂ ಹೆಗಲು ಮುಟ್ಟಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಈಗ ನಾನು ಹಾವೇರಿಯಲ್ಲಿದ್ದೇನೆ, ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಂಬಿಕೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಬಾಯಿಪಾಠ ಮಾಡಿದ ಉತ್ತರಗಳು ಒಂದೂ ನೆನಪಾಗುವುದಿಲ್ಲ, ನಲ್ಲಿಯ ಹತ್ತಿರ ಕಣ್ಣು ಬಿಡಲಾಗದೆ ನಿಂತು ಖರೇ ಹೇಳಿದ ಹೆಂಗಸು ನೆನಪಾಗುತ್ತಾಳೆ. ಸುಳ್ಳಿನಿಂದ ಆಗಬಹುದಾಗಿದ್ದ ರಾಜಿಯನ್ನು ಅವಳು ಬೇಡವೆಂದಳು, ದೇವರು ಅವಳಿಗೆ ಖರೇ ರಾಜಿಯನ್ನೇ ಕೊಟ್ಟ. ನನಗೂ ಸುಳ್ಳು ಹೇಳಲು ಬಾಯಿ ತೆರೆದಾಗೆಲ್ಲ ನಾಲಿಗೆ ತೊದಲುತ್ತದೆ. ಇದರಿಂದ ಶಾಲೆಯಲ್ಲಿ ಎಷ್ಟೋ ಸಲ ಫಜೀತಿಯಾಗಿದೆ, ಅದು ಬೇರೆ ಮಾತು.

ನನ್ನ ಮಗಳು ಚಿಕ್ಕವಳು. ಮೆಣಸಿನಕಾಯಿ ರಾಶಿಯನ್ನು ಕಂಡವಳಲ್ಲ. ಆದರೂ ಸಂಜೆ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೇ ಕಣ್ಣು ಮುಚ್ಚುತ್ತಾಳೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಗರಿಗಳ ಭಾನುವಾರದ ಕಥೆ ಹೇಳು ಅಂತ ಅಜ್ಜಿಯನ್ನು ಪೀಡಿಸುತ್ತಾಳೆ. ಅವ್ವ ಪ್ರತಿ ಸಲವೂ, ಅಳಲಿಲ್ಲ ಮಗಾ, ಖಾರ ಹತ್ತಿತ್ತು ಅಂತಲೇ ಶುರು ಮಾಡುತ್ತಾಳೆ. ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತ ಅತ್ತೆ ತಲೆ ಎತ್ತದೆ ಕೇಳುತ್ತಾಳೆ:

"ಕಣ್ಣಿಗೆ ಕೈ ಯಾಕ ಒಯ್ದಿ, ಅದನ್ನ ಹೇಳು."