ತಾತನ ಮೂರು ಗುಡ್ಡೆ

ನಿನ್ನ ತಾತನಿಗೆ ಕೆಂಪು ಯಾವುದು, ಹಸಿರು ಯಾವುದು ಅಂತ ತಿಳಿಯುತ್ತಿರಲಿಲ್ಲ. ಪುಟ್ಟಿ, ಇದನ್ನೇ ಮೊದಲು ಬರೆದುಕೋ, ಇಲ್ಲದಿದ್ದರೆ ನಾನು ಎಲ್ಲೆಲ್ಲಿಗೋ ಹೋಗಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ಒಂದು ದಿನ ಹಸಿರು ಬಟ್ಟೆ ತೊಟ್ಟು ಎದುರಿಗೆ ನಿಂತೆ. "ಈ ಕೆಂಪು ನಿಂಗೆ ಚೆನ್ನಾಗಿ ಒಪ್ಪುತ್ತೆ ಕಣೇ" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರೂ ನಕ್ಕರು. ಪಾಪ, ನಾನು ಯಾತಕ್ಕೆ ನಗುತ್ತಿದ್ದೇನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ!

ಆಗ ನಾವಿದ್ದದ್ದು ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಂಗಡಿ ತಾತನ ಅಕ್ಕನದು. ನಾನು ಅವರನ್ನು ಅತ್ತಿಗೆ ಅನ್ನುತ್ತಿದ್ದೆ. ಕೆಳಗೆ ಮೂರು ಮೆಷಿನ್ನು, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜಿನ ಹತ್ತಿರ ಅತ್ತಿಗೆಯನ್ನು ಬಿಟ್ಟು ನೊಣವೂ ಸುಳಿಯುವ ಹಾಗಿರಲಿಲ್ಲ. ಅವರು ಹೊಲಿದ ಕೌದಿಯಲ್ಲಿ ತೇಪೆ ಎಲ್ಲಿ ಸೇರಿದೆ ಅಂತ ಬೆರಳಿಗೂ ಸಿಗುತ್ತಿರಲಿಲ್ಲ. ಅಂಥಾ ಕೈ. ಬಾಯಿ ಮಾತ್ರ ಕತ್ತರಿಗಿಂತ ಹರಿತ.

ತಾತನ ಪಾಲಿಗೆ ಬಂದದ್ದು ಕಾಜಾ ಮಾಡಿ ಗುಂಡಿ ಹಚ್ಚುವ ಕೆಲಸ. ಚಿಕ್ಕಂದಿನಲ್ಲಿ ಯಾರದೋ ಕೆಂಪು ಕೋಟಿಗೆ ಹಸಿರು ಜೇಬು ಹೊಲಿದಿದ್ದರಂತೆ. ಅವತ್ತಿನಿಂದ ಗುಂಡಿ ಡಬ್ಬಿಯೇ ಗತಿ, ಬೀದಿಯವರೆಲ್ಲ ಕರೆಯುತ್ತಿದ್ದದ್ದೂ ಗುಂಡಿ ಅಂತಲೇ. ಆದರೆ ಅವರ ಕಣ್ಣೆಲ್ಲ ಆ ಮೇಜಿನ ಮೇಲೆ. "ಒಂದೇ ಒಂದು ಕೌದಿ ನಾನು ಜೋಡಿಸ್ಬೇಕು ಕಣೇ" ಅಂತ ನನಗೊಬ್ಬಳಿಗೇ ಹೇಳಿಕೊಂಡಿದ್ದರು. ಸಣ್ಣ ಆಸೆ ಅನ್ನಿಸುತ್ತೆ ಅಲ್ಲವಾ? ದಿನಕ್ಕೆ ಇನ್ನೂರು ಗುಂಡಿ ಹಚ್ಚಿ ನೋಡು, ಆಮೇಲೆ ಹೇಳು.

ಆ ವರ್ಷ ನಮ್ಮ ಬೀದಿಯ ಗ್ರಂಥಾಲಯಕ್ಕೆ ಹೊಸ ಕೋಣೆ ಕಟ್ಟಿದರು. ಒಬ್ಬರು ಕುರ್ಚಿ ಎಳೆದರೆ ಇಡೀ ಕೋಣೆ ಕಿರುಚುತ್ತಿತ್ತು. ಸದ್ದು ಅಡಗಲಿ ಅಂತ ಎದುರು ಗೋಡೆಗೆ ದೊಡ್ಡದೊಂದು ಕೌದಿ ಬೇಕು, ಬಾಗಿಲಲ್ಲಿ ನಿಂತವರಿಗೂ ಕಾಣುವ ಹಾಗೆ ನಡುವೆ ನಕ್ಷತ್ರ ಇರಲಿ ಅಂತ ಅಲ್ಲಿಯ ಮೇಡಂ ಬಂದು ಹೇಳಿಹೋದರು. ಅತ್ತಿಗೆ ಇದ್ದಬದ್ದ ಒಳ್ಳೆ ಬಟ್ಟೆಯೆಲ್ಲ ಹೊರಗೆ ತೆಗೆದರು. ಕೆಂಪು ನಕ್ಷತ್ರ, ಸುತ್ತಲೂ ಹಸಿರು. ನೆಲದ ಮೇಲೆ ಹರಡಿದಾಗ ನನಗಂತೂ ಕಣ್ಣು ಕೋರೈಸಿತು.

ತಾತ ಬಾಯಲ್ಲಿ ದಾರ ಕಚ್ಚಿಕೊಂಡೇ ಬಗ್ಗಿ ನೋಡಿದರು. "ನಕ್ಷತ್ರ ಎಲ್ಲಿದೆ ಅಕ್ಕಾ?"

"ನಿನ್ನ ತಲೇಲಿ! ಹೋಗೋ, ಗುಂಡಿ ಎಣಿಸು ಹೋಗು."

ಹೋಗಿ ಎಣಿಸಿದರು. ನಾನೂ ಎಲ್ಲರ ಜೊತೆ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹಿಂಬದಿಯ ಬಟ್ಟೆ ಸೇರಿಸುವ ಮೊದಲು ಅಳತೆ ನೋಡೋಣ ಅಂತ ಗ್ರಂಥಾಲಯದ ಗೋಡೆಗೆ ತೂಗುಹಾಕಿದೆವು. ಕೋಣೆ ತೆರೆಯುವುದಕ್ಕೆ ಇನ್ನು ಐದೇ ದಿನ. ಬಾಗಿಲಿಗೆ ಬಂದು ತಿರುಗಿ ನೋಡುತ್ತೇವೆ, ನಕ್ಷತ್ರವೇ ಇಲ್ಲ! ಹತ್ತಿರದಲ್ಲಿ ಅಷ್ಟು ಕುಣಿಯುತ್ತಿದ್ದ ಕೆಂಪೂ ಹಸಿರೂ ಅಷ್ಟು ದೂರಕ್ಕೆ, ಆ ಸಂಜೆ ಬೆಳಕಿಗೆ, ಒಂದರೊಳಗೊಂದು ಕರಗಿ ಮಣ್ಣಿನ ಮುದ್ದೆ ಆಗಿಬಿಟ್ಟಿದ್ದವು. "ಚೆನ್ನಾಗಿದೆ... ಆದ್ರೆ ನಕ್ಷತ್ರ ಅಂದಿದ್ವಲ್ಲಾ?" ಅಂದರು ಮೇಡಂ, ಮೆಲ್ಲಗೆ. ಅತ್ತಿಗೆ ಕೌದಿ ಇಳಿಸಿ ಮಡಚಿಕೊಂಡರು.

ಮನೆಗೆ ಬಂದವಳೇ ತಾತನನ್ನು ಹಿಡಿದುಕೊಂಡೆ. "ಅವತ್ತೇ ನಕ್ಷತ್ರ ಎಲ್ಲಿದೆ ಅಂದ್ರಲ್ಲಾ ರೀ, ಹೆಂಗೆ ಗೊತ್ತಾಯ್ತು?"

ಆಗ ಹೇಳಿದರು ನೋಡು. "ನಂಗೆ ಅವೆರಡೂ ಒಂದೇ ಥರ ಕಾಣ್ಸುತ್ತೆ ಕಣೇ. ಒಂದು ಕಪ್ಪಗೆ ಒಂದು ತಿಳಿ ಇದ್ರೆ ಗೊತ್ತಾಗುತ್ತೆ. ಅವು ಎರಡೂ ಒಂದೇ ಸಮ ಇದ್ವು."

"ಇದನ್ನೇ ಅತ್ತಿಗೆಗೆ ಹೇಳಿ!"

"ಹೇಳಿದ್ರೆ ಗುಂಡಿ ಡಬ್ಬಿನೂ ಕಿತ್ಕೋತಾಳೆ."

ಕೈ ಹಿಡಿದು ಕೆಳಗೆ ಅತ್ತಿಗೆಯ ಹತ್ತಿರ ಎಳೆದುಕೊಂಡು ಹೋದೆ. ತಾತ ಚೂರು ಬಟ್ಟೆಯ ಚೀಲವನ್ನು ಮೇಜಿನ ಮೇಲೆ, ಹೌದು, ಆ ಮೇಜಿನ ಮೇಲೇ, ಸುರಿದು ವಿಂಗಡಿಸುತ್ತಾ ನಿಂತರು. ಕಪ್ಪಗಿರುವುದು ಒಂದು ಗುಡ್ಡೆ, ತಿಳಿಯಾಗಿರುವುದು ಒಂದು ಗುಡ್ಡೆ, ನಡುವಿನದು ಒಂದು.

"ಅಯ್ಯೋ, ನಿನ್ನ ಬುದ್ಧಿಗಿಷ್ಟು! ಕೆಂಪೂ ಹಸಿರೂ ಒಂದೇ ಗುಡ್ಡೆಗೆ ಹಾಕ್ತಾ ಇದೀಯಲ್ಲೋ?"

"ಅಕ್ಕಾ, ನಂಗೆ ಅವು ಬೇರೆ ಅಂತ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಆ ಕೋಟೂ ಹಂಗೇ ಆಗಿದ್ದು. ನೀನೊಂದ್ಸಲ ಕಣ್ಣು ಅರ್ಧ ಮುಚ್ಚಿ ನೋಡು."

ಅತ್ತಿಗೆ ಗದರುವುದಕ್ಕೆ ಬಾಯಿ ತೆರೆದವರು ಕಣ್ಣು ಕಿರಿದು ಮಾಡಿದರು. ನಾನೂ ಮಾಡಿದೆ. ನಿಜ ಹೇಳುತ್ತೇನೆ ಪುಟ್ಟಿ, ರೆಪ್ಪೆಯ ಸಂದಿಯಲ್ಲಿ ಬಣ್ಣವೆಲ್ಲ ಹೋಗಿ ಮೂರೇ ಮೂರು ಗುಡ್ಡೆ ಉಳಿದವು. ಒಂದು ಚೂರೂ ತಪ್ಪು ಜಾಗದಲ್ಲಿ ಇರಲಿಲ್ಲ.

"ಹದಿನೈದು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯೇನೋ, ಕತ್ತೆ?" ಅಂದರು. ಮೂಗು ಒರೆಸಿಕೊಂಡರು. "ಸರಿ, ಯಾವುದು ಬಿಚ್ಚಲಿ ಹೇಳು."

ಕೆಂಪು ನಕ್ಷತ್ರ ಇರಲಿ ಅಂದರು ತಾತ. ಸುತ್ತಲಿನ ಹಸಿರನ್ನೆಲ್ಲ ಬಿಚ್ಚಿ ತಿಳಿ ಗುಡ್ಡೆಯಿಂದ ಕೂರಿಸಿದರು. ಹಾಲುಬಿಳಿ, ಮಾಸಲು ಹಳದಿ, ತೊಳೆದು ತೊಳೆದು ಬೆಳ್ಳಗಾದ ಗುಲಾಬಿ. ನಕ್ಷತ್ರದ ಒಂದೊಂದು ಮೂಲೆಯ ಅರ್ಧಕ್ಕೆ ಕಪ್ಪಗಿರುವ ಚೂರು ಸೇರಿಸಿದರು. ಅಷ್ಟಕ್ಕೇ ಅದು ಬಟ್ಟೆಯಿಂದ ಎದ್ದು ನಿಂತ ಹಾಗೆ ಆಯಿತು. ನಾಲ್ಕು ದಿನ ಮೂವರೂ ಒಂದೇ ಮೇಜಿನ ಸುತ್ತ. ಅಡುಗೆ ಒಲೆ ಹಚ್ಚಿದ್ದು ನೆನಪಿಲ್ಲ. ಬ್ರೆಡ್ಡು ತಿಂದುಕೊಂಡೇ ಇದ್ದೆವು. ಬೆರಳಿಗೆ ಸೂಜಿ ಚುಚ್ಚಿದ್ದಕ್ಕಿಂತ ನಕ್ಕು ನಕ್ಕು ಪಕ್ಕೆ ನೋವು ಬಂದದ್ದೇ ಜಾಸ್ತಿ.

ಐದನೇ ದಿನ ಗೋಡೆಗೆ ತೂಗುಹಾಕಿದಾಗ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. "ಅಬ್ಬಾ, ಕೈ ಚಾಚಿದ್ರೆ ಚುಚ್ಚೋ ಹಾಗಿದೆ! ಯಾರು ಜೋಡಿಸಿದ್ದು?"

ಅತ್ತಿಗೆ ತಾತನ ಬೆನ್ನಿಗೊಂದು ಗುದ್ದು ಕೊಟ್ಟು ಮುಂದೆ ತಳ್ಳಿದರು. "ಇವನು. ನಮ್ಮಲ್ಲಿ ಇನ್ಮೇಲೆ ಕೌದಿ ಜೋಡಿಸೋನು ಇವನೇ. ದಾರ ಮಾತ್ರ ನಾನು ಕೊಡ್ತೀನಿ. ಇವನ ಕೈಗೆ ಬಿಟ್ರೆ ನಾಳೆ ಬಿಳಿ ನಕ್ಷತ್ರ ಮಾಡಿದ್ರೂ ಅದಕ್ಕೆ ಎಂಥಾ ದಾರ ಹಾಕ್ತಾನೋ ಆ ದೇವರಿಗೇ ಗೊತ್ತು!"

"ಅಕ್ಕಾ, ಬಿಳಿ ಗೊತ್ತಾಗುತ್ತೆ!" ಅಂದರು ತಾತ.

"ಮುಚ್ಚೋ ಬಾಯಿ" ಅಂದರು ಅತ್ತಿಗೆ, ಮುಖದ ತುಂಬಾ ನಗು ಇಟ್ಟುಕೊಂಡು.