ಗರಿಕೆ ಹಾಕಿದ ನೀರು

ಸೊಂಟದ ಮೇಲೆ ಕೊಡ ಇಲ್ಲದಾಗಲೂ ನನ್ನ ಸೋದರತ್ತೆ ಬಲಕ್ಕೆ ವಾಲಿಯೇ ನಡೆಯುತ್ತಿದ್ದಳು. ಕೊಡ ಕೂತು ಕೂತು ಅವಳ ಸೀರೆ ಎಡಸೊಂಟದ ಹತ್ತಿರ ಬಣ್ಣ ಕಳೆದುಕೊಳ್ಳುತ್ತಿತ್ತು. ಹಬ್ಬಕ್ಕೆ ತಂದ ಹೊಸ ಸೀರೆಯೂ ಮೊದಲು ಮಾಸುತ್ತಿದ್ದದ್ದು ಅಲ್ಲೇ. ಬೀದಿಯ ಆ ತುದಿಯಲ್ಲಿ ಹೆಂಗಸರ ಗುಂಪು ಬರುತ್ತಿದ್ದರೆ, ಮುಖ ಕಾಣುವ ಮೊದಲೇ ಆ ವಾಲುನಡಿಗೆಯಿಂದ ಅತ್ತೆಯನ್ನು ಗುರುತು ಹಿಡಿಯುತ್ತಿದ್ದೆ.

ಅವಳು ಹುಟ್ಟಿದ್ದು ನಮ್ಮ ಹುಲಿಕೆರೆಯಲ್ಲಿ. ಹಳೇಬೀಡಿಗೆ ಹತ್ತಿರದ ಊರು. ಅಲ್ಲಿಯ ಮೆಟ್ಟಿಲು ಕೊಳದಲ್ಲಿ ಕಾಲು ಇಳಿಬಿಟ್ಟು ಕೂತು ಬೆಳೆದವಳು ಮದುವೆಯಾಗಿ ಅರಸೀಕೆರೆಗೆ ಬಂದಳು. ಮಾವ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವರ ಬೀದಿಯ ಬಾವಿಯ ನೀರು ಸವುಳು. ಅದರಲ್ಲಿ ಬೇಳೆ ಹಾಕಿದರೆ ಸಂಜೆಯವರೆಗೆ ಕುದಿಸಿದರೂ ಕಲ್ಲು ಕಲ್ಲು. ಕುಡಿಯುವುದಕ್ಕೆ, ಬೇಯಿಸುವುದಕ್ಕೆ ಸಿಹಿನೀರು ಬೇಕೆಂದರೆ ಊರಾಚೆಯ ತೋಪಿನ ಬಾವಿಗೇ ಹೋಗಬೇಕು. ಅತ್ತೆಯ ಸೊಂಟ ವಾಲಿದ್ದು ಆ ದಾರಿಯಲ್ಲಿ.

ಹೈಸ್ಕೂಲು ಓದಲು ನಾನು ಅವಳ ಮನೆಗೆ ಬಂದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ರುಜುವಿನ ಹಿಂದೆ ಅತ್ತೆ ಹೊತ್ತ ನೀರಿದೆ.

ಬಂದ ಮೊದಲ ದಿನ ಊರಿನ ಅಭ್ಯಾಸದಂತೆ ಚೊಂಬಿನಲ್ಲಿ ನೀರು ತೆಗೆದುಕೊಂಡು ಮುಖಕ್ಕೆ ಎರಚಿಕೊಂಡು, ಮಿಕ್ಕಿದ್ದನ್ನು ಅಂಗಳಕ್ಕೆ ಬೀಸಿದೆ. ಅತ್ತೆ ಬೈಯಲಿಲ್ಲ. ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಹೇಳಿದಳು:

“ಇದು ಹುಲಿಕೆರೆ ಅಲ್ಲ ಕಣೋ. ಇಲ್ಲಿ ನೀರು ಚೆಲ್ಲೋ ಮುಂಚೆ ಯಾರ ಸೊಂಟದ್ದು ಅಂತ ಕೇಳ್ಕೊಂಡು ಚೆಲ್ಲು.”

ಅವಳ ಮನೆಯಲ್ಲಿ ಒಂದೇ ನೀರು ಹಲವು ಕೆಲಸ ಮಾಡುತ್ತಿತ್ತು. ಅಕ್ಕಿ ತೊಳೆದ ನೀರಿನಲ್ಲಿ ಸೊಪ್ಪು ಜಾಲಿಸಿ, ಆಮೇಲೆ ಅದನ್ನೇ ಎಮ್ಮೆಯ ಬಾನಿಗೆ ಹಾಕುವಳು. ಪಾತ್ರೆಗಳನ್ನು ಬೂದಿ, ತೆಂಗಿನ ನಾರು ಹಾಕಿ ಒಣಗೈಯಲ್ಲೇ ತಿಕ್ಕಿ ಕೊನೆಗೆ ಒಂದೇ ಸಲ ನೀರು ತೋರಿಸುವಳು. ಉಂಡ ತಟ್ಟೆಗೆ ಒಂದಿಷ್ಟು ನೀರು ಹಾಕಿ ಬೆರಳಲ್ಲಿ ಬಳಿದು ನಾವೇ ಕುಡಿಯಬೇಕು. ಮೊದಮೊದಲು ನನಗೆ ಹೇಸಿಗೆಯಾಗುತ್ತಿತ್ತು. “ನಿನ್ನ ಸಾರು, ನಿನ್ನ ತಟ್ಟೆ, ನಿನ್ನ ಹೊಟ್ಟೆ. ಮಧ್ಯದಲ್ಲಿ ಹೇಸಿಗೆ ಎಲ್ಲಿಂದ ಬಂತು?” ಎನ್ನುವಳು. ಚೊಂಬಿಗೆ ಬಾಯಿ ಹಚ್ಚುವಂತಿಲ್ಲ, ಎತ್ತಿಯೇ ಕುಡಿಯಬೇಕು. ಎಂಜಲಾಗದೆ ಉಳಿದದ್ದು ಮತ್ತೆ ಗುಡಾಣಕ್ಕೆ. ಸಿಹಿನೀರು ತುಂಬಿಡುವ ದೊಡ್ಡ ಮಣ್ಣಿನ ಮಡಕೆಯನ್ನು ನಾವು ಗುಡಾಣ ಎನ್ನುತ್ತಿದ್ದೆವು.

ಮೈ, ಕೈಕಾಲು ತೊಳೆಯುವುದಕ್ಕೆ ಮನೆಯ ಪಕ್ಕದಲ್ಲಿ ಒಂದು ಚಪ್ಪಡಿ ಇತ್ತು. ಬಂದ ನೆಂಟರಿಗೂ ಕಾಲಿಗೆ ನೀರು ಕೊಡುತ್ತಿದ್ದದ್ದು ಅಲ್ಲೇ. ಅಲ್ಲಿಂದ ಇಳಿದ ನೀರು ನುಗ್ಗೆಮರದ ಬುಡಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಊರೆಲ್ಲ ಒಣಗಿದಾಗಲೂ ಆ ಚಪ್ಪಡಿಯ ಸುತ್ತ ಒಂದಿಷ್ಟು ಗರಿಕೆ ಹಸಿರಾಗಿರುತ್ತಿತ್ತು.

ನಾನು ಎಸ್.ಎಸ್.ಎಲ್.ಸಿ.ಗೆ ಕೂರಬೇಕಾದ ವರ್ಷ ಮಳೆ ಕೈಕೊಟ್ಟಿತು. ಕೆರೆ ಬಿರುಕು ಬಿಟ್ಟಿತು. ತೋಪಿನ ಬಾವಿಯಲ್ಲಿ ತಳದ ಒರತೆ ಮಾತ್ರ. ಹೆಂಗಸರು ಕೊಡ ಸಾಲಾಗಿಟ್ಟು, ನೀರು ಜಿನುಗಿ ನಿಲ್ಲುವ ತನಕ ಕಾಯಬೇಕು. ಒಂದು ದಿನ ಮಾವ ಉಣ್ಣುತ್ತಾ ಹೇಳಿದ:

“ಹುಡುಗನ್ನ ಊರಿಗೆ ಕಳ್ಸು. ಒಂದು ತಲೆ ಕಮ್ಮಿಯಾದ್ರೆ ನಿನಗೂ ಉಸಿರಾಡಂಗಾಯ್ತದೆ. ಪರೀಕ್ಷೆ ಮುಂದಿನ ವರ್ಸ ಕಟ್ಲಿ.”

“ಊರಿಗೆ ಹೋದ್ರೆ ನಮ್ಮಣ್ಣ ಇವನ ಕೈಗೆ ನೇಗ್ಲು ಕೊಡ್ತಾನೆ. ಮುಂದಿನ ವರ್ಸ ಅನ್ನೋದು ಬರಲ್ಲ,” ಎಂದಳು ಅತ್ತೆ.

ಅದು ನಿಜ. ಅಪ್ಪ ಅರೆಮನಸ್ಸಿನಿಂದ ಕಳಿಸಿದ್ದ. ಒಮ್ಮೆ ಹಿಂದಕ್ಕೆ ಹೋದರೆ ಮತ್ತೆ ಹೊರಡುವ ಮಾತೇ ಇರಲಿಲ್ಲ. ಕೊನೆಗೆ ಮಾವ ಒಂದು ಮಾತಿಗೆ ಬಂದ: ಗುಡಾಣದ ತಳ ಕಂಡ ದಿನ ನಾನು ಹುಲಿಕೆರೆಗೆ ಹೊರಡಬೇಕು. ಅತ್ತೆ ಒಪ್ಪಿದಳು. ಅಂದಿನಿಂದ ಗುಡಾಣದ ಮುಚ್ಚಳ ಅವಳನ್ನು ಬಿಟ್ಟು ಬೇರೆಯವರು ತೆಗೆಯುವಂತಿರಲಿಲ್ಲ. ಗುಡಾಣ ತಗ್ಗಿತು, ಆದರೆ ತಳ ಕಾಣಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಸೂರ್ಯಗ್ರಹಣ ಬಂತು.

ನಮ್ಮ ಕಡೆ ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿರುವ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತೊಳೆದು ಹೊಸನೀರು ತರಬೇಕು. ಬರಗಾಲವೆಂದು ಯಾರೂ ಅದನ್ನು ಬಿಡಲಿಲ್ಲ. ಮಧ್ಯಾಹ್ನ ಬಿಸಿಲು ಮರಳಿದ ಕೂಡಲೇ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೊಡ ತಂದು ಸುರಿದರು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಚರಂಡಿಯಲ್ಲಿ ನೀರು ಹರಿದದ್ದು ಅದೊಂದೇ ದಿನ.

ಅತ್ತೆ ಸುರಿಯಲಿಲ್ಲ. ಅವಳೇನೂ ಇದನ್ನೆಲ್ಲ ನಂಬದವಳಲ್ಲ. ಗ್ರಹಣ ಮುಗಿಯುವ ತನಕ ಬಾಗಿಲು ಹಾಕಿಕೊಂಡು ಉಪವಾಸ ಕೂತಿದ್ದಳು. ಆದರೆ ಗ್ರಹಣ ಹಿಡಿಯುವ ಮೊದಲೇ ಚಪ್ಪಡಿಯ ಹತ್ತಿರ ಹೋಗಿ ಗರಿಕೆ ಕಿತ್ತು ತಂದು, ಗುಡಾಣಕ್ಕೂ ಕೊಡಕ್ಕೂ ಒಂದೊಂದು ಎಳೆ ಹಾಕಿದ್ದಳು. ಸುದ್ದಿ ತಿಳಿದು ಎದುರುಮನೆಯಾಕೆ ಬಂದು ಬಾಗಿಲಲ್ಲೇ ನಿಂತಳು.

“ಏನೇ ಇದು, ನೀರು ಚೆಲ್ಲಲಿಲ್ವಂತೆ?”

“ಅಯ್ನೋರ ಮನೇಲಿ ದರ್ಬೆ ಹಾಕ್ತಾರೆ, ನೀರು ಚೆಲ್ಲಲ್ಲ. ಅವರಿಗೂ ಹಿಡಿದಿದ್ದು ಇದೇ ಸೂರ್ಯ ತಾನೆ? ನನಗೆ ದರ್ಬೆ ಸಿಗ್ನಿಲ್ಲ, ಗರಿಕೆ ಹಾಕ್ದೆ.”

“ಥೂ, ಕಾಲು ತೊಳೆದ ನೀರಲ್ಲಿ ಬೆಳೆದ ಗರಿಕೆ!”

“ಗಣಪತಿ ಹಬ್ಬದಲ್ಲಿ ಇದೇ ಗರಿಕೇನ ನೀನು ಇಸ್ಕೊಂಡು ಹೋಗಿದ್ದೆ ಕಣೇ. ಗಣಪ ಬೇಡ ಅಂದ್ನಾ?”

ಆಕೆ ಅಷ್ಟಕ್ಕೆ ಬಿಡಲಿಲ್ಲ. “ಗ್ರಹಣದ ನೀರು ಕುಡ್ಸಿ ಹುಡುಗನ್ನ ಪರೀಕ್ಷೆಗೆ ಕಳಿಸ್ತೀಯಲ್ಲ, ಓದಿದ್ದೆಲ್ಲ ಮರ್ತೋಯ್ತದೆ ನೋಡ್ತಿರು,” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದಳು. ಮಾವನಿಗೂ ಅಳುಕು. “ನನಗೆ ಸ್ಟೇಷನ್‌ನಲ್ಲಿ ಸಿಗ್ತದೆ” ಎಂದು ಗಂಟಲು ಒಣಗಿಸಿಕೊಂಡೇ ಡ್ಯೂಟಿಗೆ ಹೊರಟ.

ಅವರಿಬ್ಬರೂ ಹೋದ ಮೇಲೆ ಅತ್ತೆ ಗುಡಾಣದ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಆಗ ನನಗೆ ತಿಳಿಯಿತು, ಅವಳಿಗೂ ಹೆದರಿಕೆ ಇದೆ ಎಂದು. ನಾನು ನಪಾಸಾದರೆ ಬೀದಿಯವರು ಅದನ್ನು ನನ್ನ ತಲೆಗೆ ಕಟ್ಟುವುದಿಲ್ಲ, ಅವಳ ಗುಡಾಣಕ್ಕೆ ಕಟ್ಟುತ್ತಾರೆ. ನಾನು ಚೊಂಬಿಗೆ ಕೈ ಹಾಕಿದೆ. ಅವಳು ತಡೆದಳು.

“ತಡಿ. ಮೊದಲು ನಾನು ಕುಡೀತೀನಿ. ನನಗೇನೂ ಆಗ್ಲಿಲ್ಲ ಅಂದ್ರೆ ನೀನು ಕುಡಿ.”

ಕುಡಿದಳು. ಒಲೆ ಹೊತ್ತಿಸಿ ಎಸರಿಟ್ಟಳು. ಅನ್ನ ಬೇಯುವ ತನಕ ನಾನು ಒಣಬಾಯಲ್ಲಿ ಪುಸ್ತಕ ಹಿಡಿದು ಅವಳ ಮುಖ ನೋಡುತ್ತಾ ಕೂತಿದ್ದೆ. ಅನ್ನ ಬಸಿದ ಮೇಲೆ ಚೊಂಬು ತಂದು ಮುಂದಿಟ್ಟಳು. “ಕುಡಿ. ಏನೂ ಆಗಿಲ್ಲ. ಸೊಂಟ ನೋಯ್ತದೆ, ಅದು ಹಳೇದು.”

ಅಷ್ಟು ಹೊತ್ತಿಗೆ ತೋಪಿನ ಬಾವಿಯಲ್ಲಿ ಜಗಳ ಶುರುವಾಗಿತ್ತು. ಇಡೀ ಊರು ಒಟ್ಟಿಗೆ ಹೊಸನೀರಿಗೆ ಹೋದರೆ ಒರತೆ ಎಲ್ಲಿಂದ ಕೊಡುತ್ತದೆ? ಹೊತ್ತು ಇಳಿಯುವಾಗ ಎದುರುಮನೆಯಾಕೆ ಖಾಲಿ ಕೊಡ ಮನೆಯಲ್ಲಿಟ್ಟು ಚೊಂಬು ಹಿಡಿದು ಬಂದಳು. ಆಕೆಯ ಮಗು ನೀರಿಗೆ ಅಳುತ್ತಿತ್ತು. ಚೊಂಬು ಮುಂದಕ್ಕೆ ಚಾಚಿದಳು. ಅತ್ತೆ ಚೊಂಬು ತೆಗೆದುಕೊಂಡಳು.

“ಗರಿಕೆ ತೆಗೆದು ಕೊಡ್ಲಾ, ಹಂಗೇ ಕೊಡ್ಲಾ?”

“ಹಂಗೇ ಕೊಡೇ ತಾಯಿ,” ಎಂದು ಆಕೆ ನಕ್ಕಳು, ಅತ್ತೆಯೂ ನಕ್ಕಳು. ಆಮೇಲೆ ಇನ್ನೂ ಕೆಲವರು ಬಂದರು. ರಾತ್ರಿ ಅಡುಗೆಯ ಹೊತ್ತಿಗೆ ಗುಡಾಣದ ತಳ ಕಂಡಿತು. ಮಾವ ಬಂದು ಮುಚ್ಚಳ ತೆಗೆದು ನೋಡಿದ. ನನ್ನ ಕಡೆ ನೋಡಿದ. ಪೆನ್ನು, ಮಸಿಕುಡಿಕೆ ಜೋಡಿಸಿಟ್ಟಿದ್ದೆ. “ನಾಳೆ ಎಷ್ಟೊತ್ತಿಗೆ ಹೋಗ್ಬೇಕು?” ಎಂದಷ್ಟೇ ಕೇಳಿ, ಸ್ಟೇಷನ್‌ನಿಂದ ತಂದಿದ್ದ ಸಣ್ಣ ಕ್ಯಾನಿನ ನೀರನ್ನು ಗುಡಾಣಕ್ಕೆ ಹುಯ್ದ.

ನಾನು ಪಾಸಾದೆ. ಬೀದಿಯವರು ಬಹಳ ದಿನ ನನ್ನನ್ನು ‘ಗರಿಕೆ ನೀರಿನವನು’ ಎಂದೇ ಕರೆದರು. ಮುಂದೆ ಮೈಸೂರಿನಲ್ಲಿ ಬಿ.ಎ. ಮುಗಿಸಿ, ಗೌನು ಹಾಕಿಕೊಂಡು ತೆಗೆಸಿದ ಫೋಟೋ ಹಿಡಿದು ಅವಳ ಮನೆಗೆ ಹೋದೆ. ಫೋಟೋವನ್ನು ಸೆರಗಿನಿಂದ ಒರೆಸಿ ನೋಡಿದಳು. ಆಮೇಲೆ ಕೇಳಿದಳು: “ಮೈಸೂರಲ್ಲಿ ನಲ್ಲಿ ಐತಂತಲ್ಲ, ತಿರುಗಿಸಿದ್ರೆ ನೀರು ಬತ್ತದಂತೆ. ನಿಲ್ಲಿಸೋದು ಕಲಿಸಿದ್ರಾ?”

ಕಲಿತದ್ದು ಅಲ್ಲಲ್ಲ, ಅವಳ ಚಪ್ಪಡಿಯ ಮೇಲೆ. ಇವತ್ತಿಗೂ ನಾನು ಚೊಂಬಿಗೆ ಬಾಯಿ ಹಚ್ಚುವುದಿಲ್ಲ.

ನನಗೆ ಕೆಲಸ ಸಿಕ್ಕ ಕೆಲವು ವರ್ಷಗಳಿಗೆ ಅವಳು ಹಾಸಿಗೆ ಹಿಡಿದಳು. ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವಂತೆ ಮಾವ ನನ್ನನ್ನು ಕರೆದ. ಒಂದು ಗುಟುಕು ಇಳಿಯಿತು. ತುಟಿಯಂಚಿನಿಂದ ಜಾರಿದ ಹನಿಯನ್ನು ನಾನು ಬೆರಳಲ್ಲಿ ಹಿಡಿದು ಮತ್ತೆ ಬಾಯಿಗೇ ಹಾಕಿದೆ.

ಸಾವಾದ ಮನೆಯ ನೀರನ್ನೂ ಚೆಲ್ಲಬೇಕು. ಅಕ್ಕಪಕ್ಕದವರೂ ಚೆಲ್ಲುತ್ತಾರೆ. ನೆಂಟರೊಬ್ಬರು ಗುಡಾಣಕ್ಕೆ ಕೈ ಹಾಕಿದರು. ನಾನು ಕೊಡಿ ಎಂದು ಇಸಿದುಕೊಂಡು, ಪಕ್ಕಕ್ಕೆ ಹೋಗಿ ಚಪ್ಪಡಿಯ ಮೇಲೆ ನಿಧಾನವಾಗಿ ಸುರಿದೆ. ನೀರು ಗರಿಕೆಯನ್ನು ದಾಟಿ ನುಗ್ಗೆಯ ಬುಡಕ್ಕೆ ಇಳಿಯಿತು. ತನ್ನ ಮನೆಯ ಕೊಡ ಎತ್ತಿಕೊಂಡು ಚರಂಡಿಯ ಕಡೆ ಹೊರಟಿದ್ದ ಎದುರುಮನೆಯಾಕೆ ನನ್ನನ್ನು ನೋಡಿ ನಿಂತಳು. ಕಣ್ಣೊರೆಸಿಕೊಂಡಳು. ಆಮೇಲೆ ತಿರುಗಿ ಬಂದು, ಅದೇ ಚಪ್ಪಡಿಯ ಮೇಲೆ ತನ್ನ ಕೊಡವನ್ನೂ ಬಗ್ಗಿಸಿದಳು.